ಬಸ್ಸಿಗೆ ಹೊತ್ತಾಯಿತೆಂದು ಗೆದ್ದವನು

ಪೇಪರಿನವರು ಬೊಳ್ಳಪ್ಪನನ್ನು 'ಉದಯೋನ್ಮುಖ ಸ್ನೂಕರ್ ಆಟಗಾರ' ಎಂದು ಬರೆದರು. ಉದಯೋನ್ಮುಖನಿಗೆ ನಲವತ್ತೆರಡು ವರ್ಷ. ನೆತ್ತಿ ಬೋಳು, ಎಡಮಂಡಿಯಲ್ಲಿ ನೋವು, ಮಳೆಗಾಲದಲ್ಲಿ ಕೆಮ್ಮು. ಇಷ್ಟು ನಿಧಾನಕ್ಕೆ ಹುಟ್ಟುವ ಸೂರ್ಯ ಕೊಡಗಿನ ಸುಂಟಿಕೊಪ್ಪದ ಜುಲೈ ತಿಂಗಳಲ್ಲಿ ಮಾತ್ರ ಸಿಗುತ್ತಾನೆ. ಸುದ್ದಿಯ ಜೊತೆ ಹಾಕಿದ ಫೋಟೊ ಬೇರೆ ಅವನದಾಗಿರಲಿಲ್ಲ. ಅದು ಪೇಪರಿನವರ ತಪ್ಪಲ್ಲ. ಫೋಟೊ ತೆಗೆಯುವ ಹೊತ್ತಿಗೆ ಇವನು ಬಸ್ಸಿನಲ್ಲಿದ್ದ.

ಬೊಳ್ಳಪ್ಪ ತೋಟದ ರೈಟರ್. ರೈಟರ್ ಎಂದರೆ ಕತೆ ಬರೆಯುವವನಲ್ಲ. ಬೆಳಿಗ್ಗೆ ಲೈನುಮನೆಗಳ ಮುಂದೆ ನಿಂತು ಆಳುಗಳ ಹಾಜರಿ ಹಾಕುವವನು, ಪಿಕ್ಕಿಂಗ್ ಸಮಯದಲ್ಲಿ ಕಾಫಿ ಹಣ್ಣು ತೂಕ ಮಾಡುವವನು. ಕೂಲಿ ಹೆಚ್ಚಿಸಿ ಎಂದು ಎಸ್ಟೇಟ್ ಗೇಟಿನ ಮುಂದೆ ಧರಣಿ ಕೂತ ನಮ್ಮಂಥವರಿಗೆಲ್ಲ ಗೊತ್ತು, ರೈಟರ್ ಎಂದರೆ ಮಾಲೀಕನ ಬಾಲ. ಬೊಳ್ಳಪ್ಪನೂ ಬಾಲವೇ, ಆದರೆ ಸುಮ್ಮಸುಮ್ಮನೆ ಅಲ್ಲಾಡುವ ಬಾಲವಲ್ಲ. ನಾವು ಘೋಷಣೆ ಕೂಗಿ ಗಂಟಲು ಒಣಗಿಸಿಕೊಂಡಾಗ ಗೇಟಿನ ಸಂದಿಯಿಂದ ಕುಡಿಯುವ ನೀರಿನ ಕೊಡ ದಾಟಿಸಿದವನು ಅವನು. ಯಾಕಪ್ಪಾ ಅಂದರೆ, "ನೀರಿಗೆ ಎಂತ ಪಕ್ಷ?" ಅಂದಿದ್ದ. ಅಷ್ಟೇ. ಅದಕ್ಕಿಂತ ಹೆಚ್ಚಿನ ಕ್ರಾಂತಿ ಅವನಿಂದ ಆಗಲಿಲ್ಲ.

ಅವನದು ಸುಂಟಿಕೊಪ್ಪದಿಂದ ಒಳಗೆ ಹೋದರೆ ಸಿಗುವ ಅರೆಭಾಷೆ ಗೌಡರ ಮನೆ. ಮೂರು ಎಕರೆ ಕಾಫಿ, ಒಂದು ತುಂಡು ಗದ್ದೆ. ತಾಯಿ ಗಂಗೆ, ಹೆಂಡತಿ ಯಮುನ. ಎರಡು ಹೊಳೆಗಳ ನಡುವೆ ಸಿಕ್ಕಿದ ಕಲ್ಲು ನಾನು ಎಂದು ಅವನೇ ಹೇಳಿಕೊಳ್ಳುವುದುಂಟು.

ಅವನಿಗೆ ಸ್ನೂಕರ್ ಹತ್ತಿದ್ದು ಕುಟ್ಟಪ್ಪನ ಗೋದಾಮಿನಲ್ಲಿ. ಬ್ರಿಟಿಷರ ಕಾಲದ ಬಂಗಲೆಯೊಂದನ್ನು ಯಾರೋ ರೆಸಾರ್ಟ್ ಮಾಡಲು ಕೊಂಡರು. ಒಳಗೆ ದೊಡ್ಡ ಸ್ನೂಕರ್ ಮೇಜಿತ್ತು. ಅದನ್ನು ತೆಗೆದರೆ ಡ್ಯಾನ್ಸಿಗೆ ಜಾಗವಾಗುತ್ತದೆಂದು ಅವರ ಲೆಕ್ಕ. ಸುಂಟಿಕೊಪ್ಪದಲ್ಲಿ ಕಾಫಿ ವ್ಯಾಪಾರ ಮಾಡುವ ಕುಟ್ಟಪ್ಪ, "ಎಸೆಯೋದಾದ್ರೆ ನನ್ನ ಕಡೆ ಎಸೀರಿ" ಎಂದು ಲಾರಿ ತಂದ. ಮೇಜಿನ ಹಸಿರು ಬಟ್ಟೆಯ ಕೆಳಗೆ ಐದು ಕಲ್ಲುಚಪ್ಪಡಿಗಳಿರುತ್ತವೆ. ಮೂಟೆ ಹೊರುವ ಹಮಾಲರು ಅವನ್ನು ಹೊತ್ತು, ಕುಟ್ಟಪ್ಪನ ಏಳು ತಲೆಮಾರನ್ನು ಬೈದು, ಗೋದಾಮಿನಲ್ಲಿ ಇಳಿಸಿದರು.

ಗೋದಾಮು ಇರುವುದು ಕಾಫಿಗೆ, ಮೇಜಿಗಲ್ಲ. ಒಂದು ಬದಿಗೆ ಮೂಟೆಯ ಅಟ್ಟಿ, ಇನ್ನೊಂದು ಬದಿಗೆ ಕಂಬ. ಕಂಬದ ಮೂಲೆಯಲ್ಲಿ ಬಲಗೈಯವನು ನಿಂತರೆ ಮೊಣಕೈ ಕಂಬಕ್ಕೆ ಬಡಿಯುತ್ತದೆ. ಬೇರೆ ಊರಲ್ಲಾಗಿದ್ದರೆ ಮೇಜನ್ನು ಸರಿಸುತ್ತಿದ್ದರು. ಹಮಾಲರನ್ನು ಇನ್ನೊಂದು ಸಲ ಕರೆಯುವ ಧೈರ್ಯ ಕುಟ್ಟಪ್ಪನಿಗಿರಲಿಲ್ಲ. ಹಾಗಾಗಿ ಅಲ್ಲಿ ಆಡಲು ಬಂದವರೆಲ್ಲ ಆ ಮೂಲೆಗೆ ಎಡಗೈ ಕಲಿತರು. ಕೆಲಸ ಮುಗಿಸಿ ಹೋಗುವ ಆಟೋದವರು, ಅಂಗಡಿಯವರು, ಬೊಳ್ಳಪ್ಪ, ಎಲ್ಲರದೂ ಎರಡು ಕೈ ಆಟ. ಅದು ದೊಡ್ಡ ವಿದ್ಯೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಕಂಬ ಇದ್ದರೆ ಏನು ಮಾಡುವುದು?

ಹದಿನೈದು ವರ್ಷ ಹಾಗೆ ಆಡಿದ. ಹೊರಗಿನಿಂದ ಬಂದ ಕಾಲೇಜು ಹುಡುಗರು, ಒಬ್ಬ ನಿವೃತ್ತ ಮಿಲಿಟರಿಯವರು, ಎಲ್ಲರೂ ಬೊಳ್ಳಪ್ಪನ ಹತ್ತಿರ ಸೋತು ಹೋಗುತ್ತಿದ್ದರು. ಮೈಸೂರಿನಲ್ಲಿ ವೃತ್ತಿಪರರ ಟೂರ್ನಿ ನಡೆಯುತ್ತದೆ, ಸುತ್ತಲ ಜಿಲ್ಲೆಯ ಹವ್ಯಾಸಿಗಳಿಗೆ ಒಂದೆರಡು ಜಾಗ ಇಟ್ಟಿದ್ದಾರೆ ಎಂದು ತಿಳಿದಾಗ ಕುಟ್ಟಪ್ಪ ಇವನನ್ನು ಕೇಳದೆ ಹೆಸರು ಕೊಟ್ಟ.

"ಅಲ್ಲ ಕುಟ್ಟಪ್ಪಣ್ಣ, ಅಲ್ಲಿ ಬರೋರೆಲ್ಲ ಇದನ್ನೇ ಉದ್ಯೋಗ ಮಾಡ್ಕೊಂಡವರು. ನಾ ಎಂತಕೆ?"

"ಸೋಲಕ್ಕೆ. ಒಂದ್ ಸಲ ಒಳ್ಳೆ ಮೇಜಲ್ಲಿ ಸೋತು ಬಾ ಬೊಳ್ಳ. ನನ್ನ ಮೇಜಲ್ಲಿ ಗೆದ್ದು ಗೆದ್ದು ಹಾಳಾಗಿದೀಯ."

ಒಂದು ಆಟ, ಒಂದು ಸೋಲು, ಸಂಜೆಗೆ ಮನೆ. ಹಾಗೆಂದೇ ಮನೆಯಲ್ಲೂ ಹೇಳಿದ. ಸೋಲುವುದು ಎಷ್ಟು ಖಾತ್ರಿಯಾಗಿತ್ತೆಂದರೆ, ಫೈನಲ್ ಯಾವ ದಿನ ಎಂದು ಬೊಳ್ಳಪ್ಪನೂ ನೋಡಲಿಲ್ಲ, ಕುಟ್ಟಪ್ಪನೂ ನೋಡಲಿಲ್ಲ. ಕೊಡಗಿನಲ್ಲಿ ಹುಟ್ಟಿದವರು ಸೆಪ್ಟೆಂಬರಿನ ಮೊದಲ ವಾರದಲ್ಲಿ ದಿನ ನೋಡದೆ ಒಂದು ಕೆಲಸಕ್ಕೂ ಒಪ್ಪಬಾರದು. ಕೈಲ್ ಮುಹೂರ್ತ ಆ ವಾರವೇ ಬರುವುದು.

ನಾಟಿ ಮುಗಿದ ಮೇಲಿನ ಆಯುಧದ ಹಬ್ಬ ಅದು. ಕೋವಿ, ಕತ್ತಿ, ನೇಗಿಲು ಎಲ್ಲ ದೇವರ ಕೋಣೆ ಸೇರಿ ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಹಬ್ಬದ ದಿನ ಪೂಜೆಯಾದ ಮೇಲೆ ಮನೆಯ ಯಜಮಾನ ಕೋವಿ ಕೈಗೆತ್ತಿಕೊಂಡು ಅಂಗಳಕ್ಕೆ ಬಂದು, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಮೊದಲ ಗುಂಡು ಹೊಡೆಯಬೇಕು. ಆಮೇಲೆ ಉಳಿದವರು ಹೊಡೆಯುವುದು, ಆಮೇಲೆ ಊಟ. ಬೊಳ್ಳಪ್ಪನ ಮನೆಯಲ್ಲಿ ಆ ಮೊದಲ ಗುಂಡು ಅವನಪ್ಪನದಾಗಿತ್ತು. ಅಪ್ಪ ಹೋದ ವರ್ಷ ತೀರಿಕೊಂಡ. ಸೂತಕದ ವರ್ಷ ಹಬ್ಬ ಮಾಡಲಿಲ್ಲ. ಈ ಸಲ ಕೋವಿ ಎತ್ತುವ ಸರದಿ ಬೊಳ್ಳಪ್ಪನದು. ಬಾಯಿಬಿಟ್ಟು ಹೇಳದಿದ್ದರೂ ಅವನು ಅದಕ್ಕಾಗಿ ಕಾಯುತ್ತಿದ್ದ. ಕೋವಿಯ ನಳಿಗೆಯನ್ನು ಮೂರು ಸಲ ಉಜ್ಜಿದ್ದನ್ನು ಯಮುನ ನೋಡಿದ್ದಳು.

ಹಬ್ಬಕ್ಕೆ ಮೂರು ದಿನ ಇದೆ ಎನ್ನುವಾಗ ಟೂರ್ನಿ ಶುರು. ಬೆಳಗಿನ ಬಸ್ಸು ಹತ್ತಿ ಮೈಸೂರಿಗೆ ಹೋದ. ಕುಟ್ಟಪ್ಪನ ತಮ್ಮನ ಮದುವೆಯ ಕಪ್ಪು ವೇಸ್ಟ್‌ಕೋಟು, ಕೊರಳಿಗೆ ಬೋ ಟೈ. ಹೋಟೆಲಿನ ದೊಡ್ಡ ಹಾಲಿನಲ್ಲಿ ಮೇಜುಗಳು ಹೊಸ ಮದುಮಕ್ಕಳ ಹಾಗೆ ಕೂತಿದ್ದವು. ಸುತ್ತ ಎಲ್ಲೂ ಕಂಬವಿಲ್ಲ, ಮೂಟೆಯಿಲ್ಲ. ಇಷ್ಟು ಜಾಗದಲ್ಲಿ ಏನು ಮಾಡುವುದೆಂದು ಅವನಿಗೆ ಗೊತ್ತಾಗಲಿಲ್ಲವಂತೆ.

ಎದುರಾಳಿ ಚೆನ್ನೈಯವನು, ಟಿವಿಯಲ್ಲಿ ಬಂದವನು. ಸ್ನೂಕರ್ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಬಿಳಿ ಚೆಂಡಿನಿಂದ ಕೆಂಪು ಚೆಂಡನ್ನೂ ಬಣ್ಣದ ಚೆಂಡುಗಳನ್ನೂ ಒಂದಾದ ಮೇಲೊಂದು ತೂತಿಗೆ ಬೀಳಿಸಬೇಕು. ಬೀಳಿಸಲು ಆಗದಿದ್ದರೆ, ಎದುರಾಳಿಗೂ ಆಗದ ಹಾಗೆ ಬಿಳಿಯನ್ನು ಅಡಗಿಸಿಟ್ಟು ಬರಬೇಕು. ದೊಡ್ಡ ಆಟಗಾರರು ಅಡಗಿಸುವುದರಲ್ಲೇ ಅರ್ಧ ಆಟ ಕಳೆಯುತ್ತಾರೆ. ನೀನು ಅಡಗಿಸು, ನಾನು ಅಡಗಿಸುತ್ತೇನೆ, ಯಾರಿಗೆ ಮೊದಲು ಬೇಸರ ಬರುತ್ತದೋ ಅವನು ಸೋಲುತ್ತಾನೆ.

ಬೊಳ್ಳಪ್ಪನಿಗೆ ಬೇಸರ ಪಡಲು ಪುರುಸೊತ್ತಿರಲಿಲ್ಲ. ಸುಂಟಿಕೊಪ್ಪದಿಂದ ಅವನ ಊರಿಗೆ ಹೋಗುವ ಕೊನೆಯ ಬಸ್ಸು ಸಂಜೆಗೇ ಹೊರಡುತ್ತದೆ. ಅದು ಸಿಗಬೇಕಾದರೆ ಮೈಸೂರನ್ನು ಮಧ್ಯಾಹ್ನವೇ ಬಿಡಬೇಕು. ಆದ್ದರಿಂದ ಅವನು ಅಡಗಿಸುವ ಗೋಜಿಗೇ ಹೋಗಲಿಲ್ಲ. ಕಂಡದ್ದಕ್ಕೆ ಹೊಡೆದ. ಬಲಗೈ ಎಟುಕದಿದ್ದರೆ ಎಡಗೈಯಲ್ಲಿ ಹೊಡೆದ. ಎಲ್ಲರೂ ಆಧಾರಕ್ಕೆ ಉದ್ದದ ಕೋಲು ತರಿಸಿಕೊಂಡು, ಅದನ್ನು ಸರಿಮಾಡಿ, ಬಗ್ಗಿ ನೋಡಿ ಹೊಡೆಯುವ ಕಡೆ ಇವನು ಕೈ ಬದಲಿಸಿ ಟಪ್ಪೆಂದು ಮುಗಿಸುತ್ತಿದ್ದ. ಚೆನ್ನೈಯವನಿಗೆ ಉಸಿರು ಎಳೆದುಕೊಳ್ಳಲು ಸಮಯ ಸಿಗಲಿಲ್ಲ. ಸೋತ.

ಬಸ್ಸಿನಲ್ಲಿ ವೇಸ್ಟ್‌ಕೋಟು, ಬೋ ನೋಡಿ ಕಂಡಕ್ಟರ್ ಕೇಳಿದ: "ಯಾವ ಹೋಟ್ಲಲ್ಲಿ ಸಪ್ಲೈಯರ್ರು ಸಾರ್?"

ಮನೆಗೆ ಬಂದಾಗ ತಾಯಿ ಅಕ್ಕಿ ಕೇರುತ್ತಿದ್ದಳು.

"ಸೋತ್ಯಾ?"

"ಇಲ್ಲೆ ಅವ್ವ. ಗೆದ್ದೆ."

"ಛೆ! ಹಂಗಾರೆ ನಾಳೆನೂ ಹೋಕಾ?"

ಮರುದಿನವೂ ಹೋದ. ಆ ದಿನ ಎದುರಾಳಿ ಮುಂಬೈಯವನು. ಅದೇ ಕತೆ. ಮೂರನೇ ದಿನ ಸೆಮಿಫೈನಲ್. ಅಷ್ಟರಲ್ಲಿ ಹಾಲಿನಲ್ಲಿ ಗುಸುಗುಸು ಹಬ್ಬಿತ್ತು: ಕೊಡಗಿನಿಂದ ಒಬ್ಬ ಬಂದಿದ್ದಾನೆ, ಯೋಚನೆಯನ್ನೇ ಮಾಡುವುದಿಲ್ಲ, ಎರಡು ಕೈಯಲ್ಲೂ ಹೊಡೆಯುತ್ತಾನೆ, ಭಯಂಕರ ಆತ್ಮವಿಶ್ವಾಸ. ನಾನು ಆಮೇಲೆ ಕೇಳಿದೆ, ಆತ್ಮವಿಶ್ವಾಸ ಇತ್ತೇನೋ ಎಂದು. "ಇತ್ತು. ಕುಶಾಲನಗರದಲ್ಲಿ ಬಸ್ ಹತ್ತು ನಿಮಿಷ ನಿಲ್ತದೆ ಅನ್ನೋ ವಿಶ್ವಾಸ" ಅಂದ.

ಸೆಮಿಫೈನಲ್ ಗೆದ್ದು ಹೊರಡುವಾಗ ರೆಫರಿ ಅನುಪಮಾ ಕೈಕುಲುಕಿ, "ನಾಳೆ ಹತ್ತು ಗಂಟೆಗೆ ಫೈನಲ್" ಎಂದರು. ಆಗ ಇವನಿಗೆ ಹೊಳೆಯಿತು. ನಾಳೆ ಕೈಲ್ ಮುಹೂರ್ತ.

ಆ ಸಂಜೆ ಮನೆಯಲ್ಲಿ ಹಂದಿ ಮಾಂಸ ಹೆಚ್ಚುವ ಕೆಲಸ ನಡೆದಿತ್ತು. ನೆಂಟರು ಆಗಲೇ ಬಂದು ಸೇರಿದ್ದರು. ಕುಟ್ಟಪ್ಪ ಸುದ್ದಿ ಕೇಳಿ ಜೀಪು ಹಾಕಿಕೊಂಡು ಬಂದಿದ್ದ. ಬೊಳ್ಳಪ್ಪ ಜಗಲಿಯಲ್ಲಿ ಕೂತು, ವಾಕ್‌ಓವರ್ ಕೊಟ್ಟುಬಿಡುತ್ತೇನೆ ಎಂದ.

"ತಲೆ ನೆಟ್ಟಗಿದೆಯೇನೋ? ಇಡೀ ಸುಂಟಿಕೊಪ್ಪ ಕಾಯ್ತಾ ಇದೆ" ಎಂದ ಕುಟ್ಟಪ್ಪ.

"ಇಡೀ ಸುಂಟಿಕೊಪ್ಪಕ್ಕೆ ಅವರವರ ಮನೆಲಿ ಕೋವಿ ಎತ್ತೋಕೆ ಜನ ಇದಾರೆ ಕುಟ್ಟಪ್ಪಣ್ಣ. ಈ ಮನೆಲಿ ನಾನೊಬ್ಬ."

ಒಳಗಿನಿಂದ ಯಮುನ ಹೇಳಿದಳು: "ನೀವು ಹೋಗಿ. ಕೋವಿ ನಾನು ಎತ್ತಿದ್ರೆ ಆತ್."

ಸುಳ್ಳಲ್ಲ, ಅವಳಿಗೆ ಗುರಿ ಇದೆ. ತವರಿನ ಹಬ್ಬದಲ್ಲಿ ಎಷ್ಟೋ ಕಾಯಿ ಉರುಳಿಸಿದವಳು. ಆದರೆ ಅತ್ತೆ ಒಪ್ಪಲಿಲ್ಲ.

"ಹೊಡಿಕೆ ನಿಂಗೆ ಬಂದದೆ, ಗೊತ್ತುಟ್ಟು. ಆದ್ರೆ ಅಪ್ಪ ಹೋದ ಮೇಲೆ ಮೊದಲ ಸಲ ಮಗ ಎತ್ತೊಕು. ಅದ್ ಅವಂದೇ."

ಇದು ಹೆಣ್ಣು ಗಂಡಿನ ಪ್ರಶ್ನೆಯೆಂದು ನನ್ನಂಥವರು ಅಲ್ಲಿದ್ದರೆ ಭಾಷಣ ಶುರುಮಾಡುತ್ತಿದ್ದೆವು. ಗಂಗೆಗೆ ಅದು ಸತ್ತ ಗಂಡನ ಪ್ರಶ್ನೆ. ಬೊಳ್ಳಪ್ಪನಿಗೂ ಅದೇ. ಗಂಗೆಯೇ ಮಗನ ಕಡೆ ತಿರುಗಿ ಕೇಳಿದಳು.

"ಅದೆಂತದ್ದೋ ವಾಕ್‌ಓವರ್ ಅಂದ್ರೆ?"

"ಆಡದೆ ಸೋತ ಹಂಗೆ ಅವ್ವ."

"ಆಡದೆ ಸೋಲಿಕೆ ನಿಂಗೆ ಯಾರ್ ಹೇಳ್ಕೊಟ್ಟದ್? ನಿನ್ನಪ್ಪ ಕೋರ್ಟಿಗೆ ಹೋಗಿ ಹೋಗಿ ಸೋತ, ಮನೇಲಿ ಕೂತು ಸೋಲಿಲ್ಲೆ. ಹೋಗಿ ಆಡಿ ಸೋತ್ ಬಾ. ಪೂಜೆ ನಾ ಮಾಡಿಸಿನೆ. ನೀ ಬಂದ್ ಗುಂಡು ಹೊಡೆಯೊ ತನಕ ಇಲ್ಲಿ ಯಾರೂ ಉಣ್ಣುದಿಲ್ಲೆ."

ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಂಸ ಹೆಚ್ಚುತ್ತಿದ್ದ ಸೋದರಮಾವನ ಕೈ ಅಲ್ಲೇ ನಿಂತಿತು.

"ಅಕ್ಕಾ, ಅವ ಬರಕಾದ್ರೆ ಕತ್ತಲೆ ಆದ್ರೆ?"

"ದೀಪ ಹಚ್ಚಿದ ಮೇಲೆ ಕೋವಿ ಹೊಡಿಕೆ ಇಲ್ಲೆ. ಅಷ್ಟರೊಳಗೆ ಬಾರದಿದ್ರೆ ಯಮುನ ಎತ್ತಲಿ. ಅಲ್ಲಿ ತನಕ ಬಾಯಿ ಮುಚ್ಚಿ ಕೂರಿ."

ಇನ್ನೊಂದು ತೊಡಕು ಉಳಿದಿತ್ತು. ಆಯುಧಗಳೆಲ್ಲ ದೇವರ ಕೋಣೆ ಸೇರಿದ್ದವು, ಅವುಗಳ ಜೊತೆ ಬೊಳ್ಳಪ್ಪ ಬಂದು ಒರಗಿಸಿದ್ದ ಆಟದ ಕೋಲನ್ನೂ ಯಾರೋ ಇಟ್ಟುಬಿಟ್ಟಿದ್ದರು. ಪೂಜೆಯ ಮೊದಲು ಆಯುಧ ತೆಗೆಯುವ ಹಾಗಿಲ್ಲ. ಗಂಗೆ ಬಾಗಿಲಲ್ಲಿ ನಿಂತು ವಿಚಾರಣೆ ಮಾಡಿದಳು.

"ಈ ಕೋಲಿಂದ ಒಂದ್ ದಿನನಾದ್ರೂ ಈ ಮನೆಗೆ ಅಕ್ಕಿ ಬಂದುಟ್ಟಾ?"

"ಇಲ್ಲೆ."

"ಹಂಗಾರೆ ಇದ್ ಆಯುಧ ಅಲ್ಲ, ಬರೇ ಕೋಲು. ತಕ್ಕೊಂಡ್ ಹೋಗ್."

ಫೈನಲ್‌ನಲ್ಲಿ ಎದುರಾಳಿ ಬೆಂಗಳೂರಿನ ನಂದೀಶ್. ಮೂವತ್ತರೊಳಗಿನ ಪ್ರಾಯ, ಸಭ್ಯ ಹುಡುಗ, ಇದನ್ನೇ ಉಂಡು ಇದನ್ನೇ ಹೊದ್ದವನು. ಅವನು ಮೂರು ದಿನದಿಂದ ಬೊಳ್ಳಪ್ಪನ ಆಟ ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದ: ಈ ಮನುಷ್ಯನನ್ನು ನಿಧಾನ ಮಾಡಬೇಕು. ಕೋಲಿನ ತುದಿಗೆ ಸೀಮೆಸುಣ್ಣ ಉಜ್ಜುವುದು, ಮೇಜು ಸುತ್ತುವುದು, ನೀರು ಕುಡಿಯುವುದು, ಮತ್ತೆ ಸುತ್ತುವುದು. ಚೆಂಡು ಬೀಳಿಸುವುದಕ್ಕಿಂತ ಅಡಗಿಸುವುದೇ ಹೆಚ್ಚು. ಬೊಳ್ಳಪ್ಪ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿದ. ಮನೆಯಲ್ಲಿ ಈಗ ಪೂಜೆ ಮುಗಿದಿರುತ್ತದೆ. ಅಕ್ಕಿತರಿಯ ಕಡಂಬುಟ್ಟು ಬೆಂದಿರುತ್ತದೆ. ಎಲ್ಲರೂ ಅದರ ಹಬೆ ಕುಡಿಯುತ್ತ ಕೂತಿರುತ್ತಾರೆ.

ಒಂಬತ್ತು ಆಟದಲ್ಲಿ ಮೊದಲು ಐದು ಗೆದ್ದವನಿಗೆ ಫೈನಲ್. ನಾಲ್ಕು ಆಟ ಮುಗಿದಾಗ ಇಬ್ಬರಿಗೂ ಎರಡೆರಡು. ಆಗ ಮಧ್ಯಂತರ. ಬೊಳ್ಳಪ್ಪ ಸೀದಾ ರೆಫರಿ ಹತ್ತಿರ ಹೋದ.

"ಮೇಡಂ, ಈ ರೆಸ್ಟು ಬಿಟ್ಟು ಆಡಬಹುದಾ?"

"ಇಲ್ಲ ಸರ್, ರೂಲ್ಸ್ ಇದೆ. ಯಾಕೆ?"

"ಮನೇಲಿ ಇಪ್ಪತ್ತು ಜನ ಉಪವಾಸ ಕೂತಿದಾರೆ."

ಅನುಪಮಾ ಕಣ್ಣರಳಿಸಿದರು. "ನೀವು ಗೆಲ್ಲಲಿ ಅಂತ ಹರಕೆನಾ?"

"ಹರಕೆ ಅಲ್ಲ ಮೇಡಂ, ಹಂದಿ. ನಾನು ಹೋಗದೆ ಬಡಿಸೋ ಹಾಗಿಲ್ಲ."

ಪಕ್ಕದಲ್ಲಿ ನೀರು ಕುಡಿಯುತ್ತಿದ್ದ ನಂದೀಶನಿಗೆ ನೆತ್ತಿಗೆ ಹತ್ತಿತು. ಕೆಮ್ಮಿ, ನಕ್ಕು, "ಅಣ್ಣಾ, ಹಾಗಂತ ಬಿಟ್ಟುಕೊಡಲ್ಲ" ಎಂದ.

"ಬಿಟ್ಟುಕೊಡೋದು ಬೇಡ ತಮ್ಮ. ಬೇಗ ಸೋಲಿಸು, ಇಲ್ಲ ಬೇಗ ಸೋಲು. ಎರಡರಲ್ಲಿ ಒಂದು ಮಾಡು."

ನಂದೀಶ್ ಎರಡನ್ನೂ ಮಾಡಲಿಲ್ಲ. ನಾಲ್ಕು-ನಾಲ್ಕಕ್ಕೆ ತಂದು ನಿಲ್ಲಿಸಿದ. ಕೊನೆಯ ಆಟ. ಮಧ್ಯಾಹ್ನದ ಬಸ್ಸಿಗೆ ಇನ್ನು ಮುಕ್ಕಾಲು ಗಂಟೆಯೂ ಇಲ್ಲ. ಆ ಆಟವೂ ಎಳೆದೂ ಎಳೆದೂ ಕಡೆಗೆ ಮೇಜಿನ ಮೇಲೆ ಉಳಿದದ್ದು ಬಿಳಿ ಬಿಟ್ಟರೆ ಎರಡೇ ಚೆಂಡು, ಗುಲಾಬಿ ಮತ್ತು ಕಪ್ಪು. ನಂದೀಶ್ ಎಂಟು ಅಂಕ ಮುಂದಿದ್ದ. ಅವನಿಗೆ ಗುಲಾಬಿ ಒಂದು ಬಿದ್ದರೂ ಸಾಕು. ಬೊಳ್ಳಪ್ಪನಿಗೆ ಎರಡೂ ಬೇಕು. ಗುಲಾಬಿಯ ಆರು, ಕಪ್ಪಿನ ಏಳು.

ನಂದೀಶ್ ಅಡಗಿಸುವುದರಲ್ಲಿ ಜಾಣ. ಗುಲಾಬಿಯನ್ನು ಉದ್ದದ ಅಂಚಿಗೆ ಅಂಟಿಸಿ, ಬಿಳಿಯನ್ನು ಮೇಜಿನ ಇನ್ನೊಂದು ತುದಿಗೆ ತಂದು ನಿಲ್ಲಿಸಿದ. ಬುದ್ಧಿ ಇದ್ದವರು ಅಲ್ಲಿಂದ ಗುಲಾಬಿಗೆ ಗುರಿಯಿಡುವುದಿಲ್ಲ. ಮೆಲ್ಲಗೆ ತಾಗಿಸಿ ಬಿಳಿಯನ್ನು ಹಿಂದಕ್ಕೆ ತಂದುಕೊಳ್ಳುತ್ತಾರೆ. ಹಾಗೆ ಹೋದರೆ ಇನ್ನೂ ಅರ್ಧ ಗಂಟೆ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ. ಬಸ್ಸು ಹೋಯಿತು, ಬೆಳಕೂ ಹೋಯಿತು. ಅಪ್ಪನ ಕೋವಿ ಇನ್ನೊಬ್ಬರ ಕೈಗೆ.

ಬೊಳ್ಳಪ್ಪ ಬಗ್ಗಿದ, ಹೊಡೆದ. ಗುಲಾಬಿ ಅಂಚನ್ನು ನೆಕ್ಕಿಕೊಂಡೇ ಮೂಲೆಯ ತನಕ ಹೋಗಿ, ತೂತಿನ ಬಾಯಲ್ಲಿ ಒಂದು ಗಳಿಗೆ ನಿಂತು, ಬಿತ್ತು. ಹಾಲಿನಲ್ಲಿ ಯಾರೋ "ಅಯ್ಯಪ್ಪಾ!" ಎಂದರು. ಬಿಳಿ ತಾನಾಗಿ ಉರುಳಿ ಹೋಗಿ ಕಪ್ಪಿನ ಹತ್ತಿರ ನಿಂತಿತ್ತು. ಅದನ್ನು ಅದೃಷ್ಟ ಅನ್ನಬೇಕು. ನಾನು ಕೇಳಿದಾಗ ಅವನೂ ಹಾಗೇ ಅಂದ. ಕಪ್ಪಿನ ಸುತ್ತ ಅವನು ನಡೆಯಲೂ ಇಲ್ಲ, ನಿಂತಲ್ಲಿಂದಲೇ ಹೊಡೆದ. ಅದು ಬಿದ್ದ ಸದ್ದು ಕೇಳುವ ಮೊದಲೇ ಕೋಲಿನ ಚೀಲಕ್ಕೆ ಕೈ ಹಾಕಿದ್ದ.

ಜನ ಎದ್ದು ಚಪ್ಪಾಳೆ ತಟ್ಟಿದರು. ಸಂಘಟಕರು ಓಡಿ ಬಂದರು. ಬಹುಮಾನ ನಾಲ್ಕು ಗಂಟೆಗೆ, ಮುಖ್ಯ ಅತಿಥಿಗಳು ಬರಬೇಕು, ನೀವು ಎರಡು ಮಾತಾಡಬೇಕು ಎಂದರು. "ನಮಸ್ಕಾರ, ಬರ್ತೀನಿ. ಆಯ್ತಲ್ಲ ಎರಡು ಮಾತು" ಎಂದು ಬೊಳ್ಳಪ್ಪ ಮೆಟ್ಟಿಲಿಳಿದ. ಆಟೋ ಇರಲಿಲ್ಲ. ಹಿಂದಿನಿಂದ ಓಡಿ ಬಂದವನು ನಂದೀಶ್.

"ಬನ್ನಿ ಅಣ್ಣಾ, ಕಾರಲ್ಲಿ ಬಿಡ್ತೀನಿ."

"ನಿನ್ನ ಸೋಲಿಸಿ ನಿನ್ನ ಕಾರಲ್ಲೇ ಹೋಗೋದಾ?"

"ಸೋತಿದ್ದು ಆಯ್ತು. ಇಪ್ಪತ್ತು ಜನರ ಹೊಟ್ಟೆ ಶಾಪ ಬೇರೆ ಯಾಕೆ?"

ಆ ಹುಡುಗ ಇವನನ್ನು ಬಸ್ ನಿಲ್ದಾಣದಲ್ಲಿ ಇಳಿಸಿ, ಹಿಂದಿರುಗಿ ಹೋಗಿ, ನಾಲ್ಕು ಗಂಟೆಗೆ ತನ್ನ ಟ್ರೋಫಿಯನ್ನೂ ಇವನ ಟ್ರೋಫಿಯನ್ನೂ ಎರಡು ಕೈಯಲ್ಲಿ ಹಿಡಿದು ನಿಂತ. ಪೇಪರಿನಲ್ಲಿ ಬಂದ ಫೋಟೊ ಅದೇ. ಕೆಳಗೆ ಬೊಳ್ಳಪ್ಪನ ಹೆಸರು.

ಸುಂಟಿಕೊಪ್ಪದಲ್ಲಿ ಕುಟ್ಟಪ್ಪ ಜೀಪಿನ ಇಂಜಿನ್ ಆಫ್ ಮಾಡದೆ ಕಾಯುತ್ತಿದ್ದ. ಫೋನಿನಲ್ಲಿ ಸುದ್ದಿ ಬಂದು ಅವನು ಆಗಲೇ ಸ್ವಲ್ಪ ಹಾಕಿಕೊಂಡು ಅತ್ತೂ ಆಗಿತ್ತು. ಹಾಗಾಗಿ ಜೀಪು ಓಡಿಸಿದ್ದು ಬೊಳ್ಳಪ್ಪ. ಜಿನುಗು ಮಳೆ, ಕೆಸರು ದಾರಿ, ಪಕ್ಕದಲ್ಲಿ ಕುಟ್ಟಪ್ಪ ಒಂದೇ ಸಮನೆ, "ನನ್ನ ಗೋದಾಮು ಕಣೋ, ನನ್ನ ಗೋದಾಮು" ಎನ್ನುತ್ತಿದ್ದ.

ಮನೆ ಮುಟ್ಟಿದಾಗ ಮೋಡದ ಅಂಚಿನಲ್ಲಿ ಇನ್ನೂ ಬೆಳಕಿತ್ತು. ನೆಂಟರು ಜಗಲಿಯ ತುಂಬ ಒರಗಿಕೊಂಡು ಬಿದ್ದಿದ್ದರು. ಗೆದ್ದೆಯಾ ಸೋತೆಯಾ ಎಂದು ಒಬ್ಬರೂ ಕೇಳಲಿಲ್ಲ. ಸೋದರಮಾವ ಮಾತ್ರ ತಲೆಯೆತ್ತಿ, "ಬಾತ್ ನೋಡಿ ಮಹಾರಾಜನ ಸವಾರಿ. ಬೇಗ ಹೊಡಿ ಮಾರಾಯ, ನನ್ನ ಜೀವ ಹೋದ್ರೆ ಮತ್ತೆ ಸೂತಕ" ಎಂದ.

ಯಮುನ ಚೊಂಬಿನಲ್ಲಿ ನೀರು ತಂದಳು. ಕಾಲು ತೊಳೆದು, ವೇಸ್ಟ್‌ಕೋಟಿನಲ್ಲೇ ದೇವರ ಕೋಣೆಗೆ ಹೋದ. ಗಂಗೆ ಗಂಧ ಹಚ್ಚಿದ, ನಳಿಗೆಯ ಬಾಯಿಗೆ ಕೆಂಪು ಹಳದಿ ಹೂ ಸಿಕ್ಕಿಸಿದ ಕೋವಿಯನ್ನು ಎತ್ತಿ ಮಗನ ಕೈಗೆ ಕೊಟ್ಟಳು. ಕೊಡುವಾಗ ಒಂದು ಕ್ಷಣ ಬಿಡಲಿಲ್ಲ. ಆಮೇಲೆ ಬಿಟ್ಟಳು. ಅವನು ತಾಯಿಯ ಕಾಲು ಮುಟ್ಟಿ, ಅಂಗಳಕ್ಕೆ ಬಂದು, ಹೂ ತೆಗೆದಿಟ್ಟು, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಟ್ಟ.

ಗುಂಡು ಹಾರಿತು. ಎರಡು ಎಲೆ ಉದುರಿದವು. ಕಾಯಿ ಕದಲಲಿಲ್ಲ.

ಅಂಗಳದಲ್ಲಿ ಸಿಡಿದ ನಗುವಿಗೆ ಕೊಟ್ಟಿಗೆಯ ದನ ಎದ್ದು ನಿಂತಿತು. "ಅಷ್ಟುದ್ದದ ಮೇಜಲ್ಲಿ ಚೆಂಡು ಬೀಳಿಸ್ತಾನಂತೆ! ಎಡಗೈಲಿ ಹೊಡಿಬೇಕಿತ್ತು ಕಣೋ!" ಎಂದು ಕುಟ್ಟಪ್ಪ ಜೀಪಿನ ಬಾನೆಟ್ ಬಡಿದ. ಬೊಳ್ಳಪ್ಪ ತಾನೂ ನಕ್ಕು, ಕೋವಿಯನ್ನು ಯಮುನಳ ಕೈಗೆ ದಾಟಿಸಿದ. ಅವಳು ಸೆರಗು ಸಿಕ್ಕಿಸಿ ಒಂದೇ ಏಟಿಗೆ ಕಾಯಿಯನ್ನು ಎರಡು ಹೋಳು ಮಾಡಿದಳು. ಮೊದಲ ಗುಂಡು ಮಗನದು, ಕಾಯಿ ಸೊಸೆಯದು. ಗಂಗೆಗೆ ಎರಡರಲ್ಲೂ ದೂರಿಲ್ಲ. ದೀಪ ಹಚ್ಚಲು ಒಳಗೆ ಹೋದಳು.

ಎಲೆ ಹಾಕಿದರು. ಹಂದಿ ಸಾರು, ಬಿಸಿ ಮಾಡಿದ ಕಡಂಬುಟ್ಟಿನ ಉಂಡೆಗಳು. ಎರಡನೇ ಸುತ್ತು ಬಡಿಸುತ್ತ ಗಂಗೆ ಮಗನ ಎಲೆಯ ಮುಂದೆ ನಿಂತಳು.

"ಅಲ್ಲೋ ಹೈದ, ಅಲ್ಲಿ ಎಂತ ಆತ್?"

"ಗೆದ್ದೆ ಅವ್ವ."

"ಎಲ್ಲರ ಮೇಲೂ?"

"ಎಲ್ಲರ ಮೇಲೂ."

ಗಂಗೆ ಅವನ ಬೋಳು ನೆತ್ತಿಯನ್ನು ಸೌಟು ಹಿಡಿದ ಕೈಯಿಂದಲೇ ಒಮ್ಮೆ ಒತ್ತಿದಳು. "ಒಳ್ಳೇದಾತ್. ಉಣ್ಣ್" ಎಂದು ಇನ್ನೊಂದು ಸೌಟು ಹಾಕಿ, ಮುಂದಿನ ಎಲೆಗೆ ಹೋದಳು.